ಹೊಳೆ ದಾಟಬಹುದೇ ಎಂದು ಕೇಳಿದರೆ: ಎಪಿಐ ವಿವರಣೆ ಬರೆಯುವವರಿಗೆ ಬಹಿರಂಗ ಪತ್ರ

ಕರ್ನಾಟಕದ ಸಾರ್ವಜನಿಕ ಮಾಹಿತಿಗೆ ಎಪಿಐ ಕಟ್ಟುವ, ಅದರ ಡಾಕ್ಯುಮೆಂಟೇಶನ್ ಬರೆಯುವ ಎಲ್ಲ ಎಂಜಿನಿಯರ್ ಮಿತ್ರರಿಗೆ,

ಮಳೆ, ನದಿ, ಜಲಾಶಯ, ಪಹಣಿ, ಬಸ್ಸು, ಪ್ರವಾಸದ ಬುಕಿಂಗ್ ಹೀಗೆ ಜನರ ದಿನನಿತ್ಯಕ್ಕೆ ಬೇಕಾದ ಮಾಹಿತಿಯನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ ನಿಮ್ಮದು. ನೀವು ಇಲಾಖೆಯೊಳಗೆ ಇರಬಹುದು, ಟೆಂಡರ್ ಹಿಡಿದ ಕಂಪನಿಯಲ್ಲಿರಬಹುದು, ಬಿಡುವಿನಲ್ಲಿ ಮುಕ್ತ ತಂತ್ರಾಂಶ ಬರೆಯುವವರೂ ಆಗಿರಬಹುದು. ಇಷ್ಟು ದಿನ ನಿಮ್ಮ ಡಾಕ್ಯುಮೆಂಟೇಶನ್ ಓದುತ್ತಿದ್ದವರು ನಿಮ್ಮಂಥ ಎಂಜಿನಿಯರ್‌ಗಳೇ. ಅರ್ಥವಾಗದಿದ್ದರೆ ಅವರು ಫೋನ್ ಮಾಡುತ್ತಿದ್ದರು, ಇಲ್ಲವೇ ನಾಲ್ಕು ಸಲ ಕರೆ ಕಳಿಸಿ ಬಂದ ಉತ್ತರ ನೋಡಿ ಊಹಿಸುತ್ತಿದ್ದರು. ಈಗ ಓದುವವರು ಬದಲಾಗಿದ್ದಾರೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾಡೆಲ್‌ಗಳಿಗೆ ಫಂಕ್ಷನ್ ಕಾಲಿಂಗ್ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ಮಾನಕವನ್ನು ಹೊರತಂದಿತು. ಅಲ್ಲಿಂದೀಚೆಗೆ ಎಐ ಏಜೆಂಟ್‌ಗಳು ಎಪಿಐಗಳನ್ನು ‘ಟೂಲ್’ ಎಂದು ಕೈಗೆತ್ತಿಕೊಂಡು, ಯಾವುದನ್ನು ಯಾವಾಗ ಬಳಸಬೇಕೆಂದು ತಾವೇ ತೀರ್ಮಾನಿಸುತ್ತಿವೆ. ಆ ತೀರ್ಮಾನಕ್ಕೆ ಅವುಗಳ ಮುಂದಿರುವುದು ಟೂಲಿನ ಹೆಸರು, ನಾಲ್ಕು ಸಾಲಿನ ವಿವರಣೆ, ಏನೇನು ಕೊಡಬೇಕೆಂಬ ಪಟ್ಟಿ, ಇಷ್ಟೇ. ಏಜೆಂಟ್ ನಿಮಗೆ ಫೋನ್ ಮಾಡುವುದಿಲ್ಲ. ತಿಳಿಯದ್ದನ್ನು ಊಹಿಸಿ ಮುಂದೆ ಹೋಗುತ್ತದೆ, ಊಹಿಸಿದ್ದನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿಬಿಡುತ್ತದೆ.

ಹಾಗಾಗಿ ನಿಮ್ಮಲ್ಲಿ ಹಲವರು ಈಗ ಕೇಳಿಕೊಳ್ಳುತ್ತಿರುವ ಪ್ರಶ್ನೆ ಸರಿಯಾದದ್ದೇ: ನಮ್ಮ ಟೂಲ್‌ಗಳ ವಿವರಣೆ ಏಜೆಂಟ್‌ಗಳಿಗೆ ಸಾಕಾಗುವಷ್ಟು ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ? ನನ್ನ ವಾದ ಇಷ್ಟು. ವಿವರಣೆಯನ್ನು ಓದಿ ನೋಡಿ ಅದರ ಗುಣಮಟ್ಟ ಅಳೆಯಲಾಗದು. ಅದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದವರ ಕೈಗೆ ಕೊಟ್ಟು, ನಿಜವಾದ ಪ್ರಶ್ನೆ ಕೇಳಿ, ಅವರು ಎಲ್ಲಿ ಎಡವಿದರು, ನಿಲ್ಲಬೇಕಾದಲ್ಲಿ ನಿಂತರೋ ಇಲ್ಲವೋ ಎಂದು ನೋಡಬೇಕು. ಆ ಪ್ರಶ್ನೆಗಳನ್ನು ಬರೆಯಬೇಕಾದವರು ಆ ಜಾಗವನ್ನು ಬಲ್ಲವರು. ಇದನ್ನು ಬೆಂಗಳೂರಿನ ಆಫೀಸಿನಲ್ಲಿ ಕೂತು ಸಾಮಾನ್ಯ ಮಾತುಗಳಲ್ಲಿ ಹೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಯಾರೂ ಮಾಡುವುದಿಲ್ಲ. ಆದ್ದರಿಂದ ಒಂದು ಜಾಗವನ್ನೇ ಹಿಡಿದು ಮಾತಾಡುತ್ತೇನೆ. ಆ ಜಾಗ ಕೊಡಗಿನ ದುಬಾರೆ.

ದುಬಾರೆ ಕುಶಾಲನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ, ನಂಜರಾಯಪಟ್ಟಣದ ಹತ್ತಿರ, ಕಾವೇರಿಯ ದಡದಲ್ಲಿದೆ. ಅರಣ್ಯ ಇಲಾಖೆಯ ಸಾಕಾನೆ ಶಿಬಿರ ಹೊಳೆಯ ಆಚೆಗಿದೆ, ವಾಹನ ನಿಲ್ಲಿಸುವುದು ಈಚೆಗೆ. ನೀರಿದ್ದಾಗ ದೋಣಿಯಲ್ಲಿ ದಾಟಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುವವರಿದ್ದಾರೆ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ದೋಣಿಯೂ ಇಲ್ಲ, ರ‍್ಯಾಫ್ಟಿಂಗೂ ಇಲ್ಲ. ಈಗ ಹಾಸನದ ಒಬ್ಬರು ಜುಲೈ ತಿಂಗಳ ಒಂದು ಸಂಜೆ ತಮ್ಮ ಫೋನಿನಲ್ಲಿರುವ ಏಜೆಂಟನ್ನು ಕೇಳುತ್ತಾರೆ ಎಂದುಕೊಳ್ಳಿ: ‘ನಾಳೆ ಬೆಳಿಗ್ಗೆ ಅಮ್ಮನ್ನ ಕರ್ಕೊಂಡು ದುಬಾರೆಗೆ ಹೋಗ್ತಿದೀವಿ, ಹೊಳೆ ದಾಟೋಕೆ ಆಗುತ್ತಾ?’ ಏಜೆಂಟಿನ ಕೈಯಲ್ಲಿ ಮಳೆಯ ಟೂಲ್, ನದಿ ಮಟ್ಟದ ಟೂಲ್, ಜಲಾಶಯದ ಟೂಲ್, ಬುಕಿಂಗ್ ಟೂಲ್ ಎಲ್ಲವೂ ಇವೆ ಎಂದೂ ಇಟ್ಟುಕೊಳ್ಳಿ. ಇವು ಯಾವ ಇಲಾಖೆಯವೂ ಅಲ್ಲ, ವಾದಕ್ಕಾಗಿ ಕಲ್ಪಿಸಿಕೊಂಡವು. ಪ್ರತಿಯೊಂದರ ವಿವರಣೆಯೂ ವ್ಯಾಕರಣಶುದ್ಧವಾಗಿದೆ, ಪ್ರತಿ ಪ್ಯಾರಾಮೀಟರಿಗೂ ಒಂದು ಸಾಲಿನ ಅರ್ಥವಿದೆ, ಉದಾಹರಣೆಯೂ ಇದೆ. ಆದರೂ ಉತ್ತರ ಎಷ್ಟು ಕಡೆ ದಾರಿ ತಪ್ಪಬಹುದು ನೋಡಿ.

ಮೊದಲನೆಯದು ಹೊಳೆಯ ದಿಕ್ಕು. ಏಜೆಂಟ್ ದುಬಾರೆಗೆ ‘ಹತ್ತಿರದ’ ಜಲಮಾಹಿತಿ ಹುಡುಕುತ್ತದೆ, ಹಾರಂಗಿ ಜಲಾಶಯ ಸಿಗುತ್ತದೆ. ಅಣೆಕಟ್ಟು ಹುದುಗೂರಿನಲ್ಲಿದೆ, ಅದೇ ಕುಶಾಲನಗರದ ಸುತ್ತಿನಲ್ಲಿ. ಹೊರಹರಿವು ಕಡಿಮೆ ಎಂದು ಕಂಡರೆ ‘ನದಿ ಶಾಂತವಾಗಿದೆ, ಹೋಗಿಬನ್ನಿ’ ಎನ್ನುತ್ತದೆ. ಆದರೆ ಹಾರಂಗಿ ಕಾವೇರಿಯನ್ನು ಸೇರುವುದು ಕುಶಾಲನಗರ ದಾಟಿದ ಮೇಲೆ, ಕೂಡಿಗೆಯಲ್ಲಿ. ದುಬಾರೆ ಇರುವುದು ಅದಕ್ಕೆ ಮೇಲೆ. ಹಾರಂಗಿಯ ಗೇಟು ತೆರೆದರೂ ಮುಚ್ಚಿದರೂ ದುಬಾರೆಯ ದೋಣಿಗೆ ಸಂಬಂಧವಿಲ್ಲ. ಅಲ್ಲಿನ ನೀರನ್ನು ನಿರ್ಧರಿಸುವುದು ತಲಕಾವೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಮಳೆ. ಜಿಲ್ಲೆಯ ಸರಾಸರಿ ಮಳೆ ನೋಡಿದರೂ ಅಷ್ಟೇ ಮೋಸ. ಭಾಗಮಂಡಲದಲ್ಲಿ ಆಕಾಶ ಹರಿದುಬೀಳುವಾಗ ಕುಶಾಲನಗರದಲ್ಲಿ ತುಂತುರು ಇರಬಹುದು. ಕೊಡಗಿನ ಇನ್ನೊಂದು ರ‍್ಯಾಫ್ಟಿಂಗ್ ತಾಣವಾದ ಬರಪೊಳೆಯಂತೂ ಪಶ್ಚಿಮಕ್ಕೆ ಕೇರಳದ ಕಡೆ ಹರಿಯುವ ಬೇರೆಯೇ ನದಿ. ‘ಕೊಡಗಿನ ರ‍್ಯಾಫ್ಟಿಂಗ್ ಸ್ಥಿತಿ’ ಎಂದು ಒಂದೇ ಉತ್ತರ ಕೊಡುವ ಟೂಲ್ ಇದ್ದರೆ ಅದು ಎರಡು ಬೇರೆ ನದಿಗಳನ್ನು ಒಂದು ಮಾಡಿದಂತೆ. ಮಾಪನ ಕೇಂದ್ರ ಯಾವ ಸಂಗಮದ ಮೇಲಿದೆ, ಯಾವುದರ ಕೆಳಗಿದೆ ಎಂಬ ಒಂದು ಸಾಲು ವಿವರಣೆಯಲ್ಲಿದ್ದರೆ ಈ ತಪ್ಪಿಲ್ಲ. ಆ ಸಾಲು ಬೇಕೆಂದು ಯಾವ ಟೆಂಪ್ಲೇಟೂ ಕೇಳುವುದಿಲ್ಲ.

ಎರಡನೆಯದು ಅಳತೆ. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ದಿನವೂ ಜಲಾಶಯಗಳ ಪಟ್ಟಿ ಹಾಕುತ್ತವೆ: ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಹಾರಂಗಿ 2,859 ಅಡಿ, ಹೇಮಾವತಿ 2,922 ಅಡಿ, ಕಬಿನಿ 2,284 ಅಡಿ. ನಾಲ್ಕೂ ‘ಅಡಿ’ಯೇ. ಆದರೆ ಕೆಆರ್‌ಎಸ್‌ನ ಲೆಕ್ಕ ಅಣೆಕಟ್ಟಿನ ತಳದಿಂದ, ಉಳಿದ ಮೂರರದು ಸಮುದ್ರಮಟ್ಟದಿಂದ. ಮಂಡ್ಯದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟೂಲಿನ ವಿವರಣೆ ಮಾತ್ರ ‘ಮಟ್ಟ: ಸಂಖ್ಯೆ, ಅಡಿಗಳಲ್ಲಿ’ ಎಂದು ಹೇಳಿ ಮುಗಿಸುತ್ತದೆ, ಮಾನಕದ ಪ್ರಕಾರ ಅದು ಸಂಪೂರ್ಣವೂ ಹೌದು. ಕೆಆರ್‌ಎಸ್ ಬಗ್ಗೆ ದೊಡ್ಡ ಮಾಡೆಲ್‌ಗಳು ಎಲ್ಲೋ ಓದಿಕೊಂಡಿರಬಹುದು. ಹೊಳೆಯಂಚಿನ ಒಂದು ಚಿಕ್ಕ ಮಾಪನ ಪಟ್ಟಿಯ ಸೊನ್ನೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಎಲ್ಲಿ ಓದಿಯಾವು? ಕೇಂದ್ರ ಜಲ ಆಯೋಗ ನದಿ ಮಟ್ಟವನ್ನು ಸಮುದ್ರಮಟ್ಟದಿಂದ ಮೀಟರ್‌ಗಳಲ್ಲಿ ಹೇಳುತ್ತದೆ, ಪತ್ರಿಕೆಗಳು ಜಲಾಶಯವನ್ನು ಅಡಿಗಳಲ್ಲಿ ಹೇಳುತ್ತವೆ, ಕೊಡಗಿನ ತೋಟಗಳಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿ ನಡೆಯುತ್ತದೆ. ‘ಹೂಮಳೆ (ಕಾಫಿ ಹೂಬಿಡಿಸುವ ಮಳೆ) ಎಷ್ಟು ಸೆಂಟ್ ಬಂತು’ ಎಂದು ಬೆಳೆಗಾರರು ಕೇಳಿದರೆ ಅದನ್ನು ಮಿಲಿಮೀಟರಿಗೆ ಇಳಿಸಿ, ಉತ್ತರವನ್ನು ಮತ್ತೆ ಸೆಂಟಿಗೆ ಏರಿಸಬೇಕು. 100 ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್.

ಮೂರನೆಯದು ಕಾಲ. ಭಾರತೀಯ ಹವಾಮಾನ ಇಲಾಖೆಯ ಮಳೆಯ ‘ದಿನ’ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆಗಸ್ಟ್ 9ರ ಮಳೆ ಎಂದರೆ 8ನೇ ತಾರೀಕು ಬೆಳಿಗ್ಗೆ 8.30ರಿಂದ 9ರ ಬೆಳಿಗ್ಗೆ 8.30ರವರೆಗಿನದು. ಅದರ ಬಹುಪಾಲು ಬಿದ್ದದ್ದು ಜನರ ಲೆಕ್ಕದಲ್ಲಿ 8ರಂದೇ. ‘ನಿನ್ನೆ ಎಷ್ಟು ಮಳೆ’ ಎಂಬ ಸರಳ ಪ್ರಶ್ನೆಗೆ ಏಜೆಂಟ್ ಒಂದು ದಿನ ಹಿಂದಿನ ಅಂಕಿ ಕೊಡಲು ಇಷ್ಟು ಸಾಕು. ಇದರ ಜೊತೆಗೆ ಸೊನ್ನೆಯ ಸಮಸ್ಯೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ವ್ಯವಸ್ಥೆ. ಅಂಥ ಯಾವುದೇ ಜಾಲದಲ್ಲಿ, ಗುಡ್ಡದ ಮೇಲಿನ ಒಂದು ಮಾಪಕಕ್ಕೆ ಬ್ಯಾಟರಿ ಅಥವಾ ಸಿಗ್ನಲ್ ಕೈಕೊಟ್ಟರೆ ಟೂಲ್ ಏನು ಹೇಳುತ್ತದೆ? ‘0’ ಎಂದರೆ ಮಳೆ ಇಲ್ಲವೆಂದೋ, ಮಾಹಿತಿ ಇಲ್ಲವೆಂದೋ? ಮಲೆನಾಡಿನಲ್ಲಿ ಕರೆಂಟು, ನೆಟ್‌ವರ್ಕ್ ಹೋಗುವುದು ಜಡಿಮಳೆ ಹೊಡೆಯುವಾಗಲೇ. ಅಂಕಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಸುಳ್ಳು ಸೊನ್ನೆ ಬರುವ ಸಾಧ್ಯತೆಯೂ ಹೆಚ್ಚು. ಆಡಳಿತದ ಗಡಿಯೂ ಹೀಗೆಯೇ. ಕೊಡಗಿನಲ್ಲಿ ಮೂರು ತಾಲ್ಲೂಕುಗಳಿದ್ದವು, ಕುಶಾಲನಗರ ಮತ್ತು ಪೊನ್ನಂಪೇಟೆ ಸೇರಿ ಐದಾದವು. ‘ಸೋಮವಾರಪೇಟೆ ತಾಲ್ಲೂಕು’ ಎಂಬ ಹಳೆಯ ಅಂಕಿಯೊಳಗೆ ಇಂದಿನ ಕುಶಾಲನಗರ ತಾಲ್ಲೂಕು ಅಡಗಿದೆ. ಯಾವ ವರ್ಷದಿಂದ ಯಾವ ಗಡಿ ಎಂದು ಬರೆಯದ ಟೂಲ್ ಹತ್ತು ವರ್ಷದ ಹೋಲಿಕೆಯಲ್ಲಿ ಇಲ್ಲದ ಇಳಿಕೆಯೊಂದನ್ನು ತೋರಿಸುತ್ತದೆ.

ನಾಲ್ಕನೆಯದು ಹೆಸರು. ನಮ್ಮ ರಾಜ್ಯದಲ್ಲಿ ತಂತ್ರಾಂಶಗಳಿಗೆ ಒಳ್ಳೆಯ ಹೆಸರಿಡುವ ರೂಢಿಯಿದೆ: ಪಹಣಿಗೆ ಭೂಮಿ, ನೋಂದಣಿಗೆ ಕಾವೇರಿ. ಮನುಷ್ಯರಿಗೆ ಇದು ಹಿತ, ಏಜೆಂಟಿಗೆ ಕಷ್ಟ. ‘ಕಾವೇರಿ ಸ್ಥಿತಿ’ ಎಂಬ ಟೂಲ್ ಕಂಡರೆ ಅದು ನದಿಯ ಮಟ್ಟವೋ, ಉಪನೋಂದಣಾಧಿಕಾರಿ ಕಚೇರಿಯ ಅರ್ಜಿಯೋ ಎಂದು ಹೆಸರು ಹೇಳದು. ದುಬಾರೆಯಿಂದ ಮೈಸೂರು ದಸರೆಗೆ ಹೋಗಿಬಂದ ಆನೆಯೊಂದರ ಹೆಸರೂ ಕಾವೇರಿಯೇ. ‘ದುಬಾರೆ ಎಲಿಫೆಂಟ್ ಕ್ಯಾಂಪ್’ ಎಂಬುದಂತೂ ಎರಡು ಇವೆ. ಅರಣ್ಯ ಇಲಾಖೆಯ ಆನೆ ಶಿಬಿರ ಒಂದು, ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನ ತಂಗುದಾಣ ಇನ್ನೊಂದು. ಆನೆ ನೋಡಿ ಮಧ್ಯಾಹ್ನವೇ ಹಿಂದಿರುಗುವವರಿಗೆ ಏಜೆಂಟ್ ರಾತ್ರಿ ತಂಗುವ ಕೋಣೆ ಕಾದಿರಿಸಿದರೆ ತಪ್ಪು ಏಜೆಂಟಿನದಷ್ಟೇ ಅಲ್ಲ.

ಈಗ ಅಳೆಯುವ ಮಾತಿಗೆ ಬರೋಣ. ಭಾರತ ಸರ್ಕಾರದ 2015ರ ಓಪನ್ ಎಪಿಐ ನೀತಿ, ಪ್ರಕಟಿಸುವ ಪ್ರತಿ ಎಪಿಐಗೂ ಮಾದರಿ ಕೋಡ್ ಮತ್ತು ಬಳಸಲು ಸಾಕಾಗುವಷ್ಟು ಮಾಹಿತಿ ಇರುವ ಡಾಕ್ಯುಮೆಂಟೇಶನ್ ಇರಬೇಕೆಂದು ಕೇಳುತ್ತದೆ. ಆಶಯ ಒಳ್ಳೆಯದು. ಆದರೆ ‘ಸಾಕಾಗುವಷ್ಟು’ ಎಂಬುದನ್ನು ತೀರ್ಮಾನಿಸುವವರು ಯಾರು, ಹೇಗೆ? ಇಂದು ಅದಕ್ಕೆ ಎರಡು ದಾರಿಗಳು ಚಾಲ್ತಿಯಲ್ಲಿವೆ. ಒಂದು, ಸ್ಪೆಕ್ಟ್ರಲ್‌ನಂಥ ಪರಿಶೀಲಕ ತಂತ್ರಾಂಶ. ಪ್ರತಿ ಕರೆಗೂ ವಿವರಣೆ ಇದೆಯೇ, ಉದಾಹರಣೆ ಸ್ಕೀಮಾಗೆ ಹೊಂದುತ್ತದೆಯೇ ಎಂದು ಅದು ನೋಡುತ್ತದೆ. ಇನ್ನೊಂದು, ಒಂದು ದೊಡ್ಡ ಮಾಡೆಲಿಗೆ ವಿವರಣೆ ಕೊಟ್ಟು ‘ಸ್ಪಷ್ಟತೆಗೆ 10ಕ್ಕೆ ಎಷ್ಟು, ಸಂಪೂರ್ಣತೆಗೆ ಎಷ್ಟು’ ಎಂದು ಅಂಕ ಹಾಕಿಸುವುದು. ಮೊದಲನೆಯದು ಬೇಕೇ ಬೇಕು, ಅಗ್ಗವೂ ಹೌದು, ಆದರೆ ಖಾಲಿ ಜಾಗ ತುಂಬಿದೆಯೇ ಎಂಬುದನ್ನಷ್ಟೇ ನೋಡುತ್ತದೆ. ‘ಮಟ್ಟ: ನದಿಯ ಮಟ್ಟ’ ಎಂದು ಬರೆದರೂ ಪಾಸು. ಎರಡನೆಯದರ ತೊಡಕು ಇನ್ನೂ ಆಳವಾದದ್ದು. ಅಂಕ ಹಾಕುವ ಮಾಡೆಲ್ ಬರೆದದ್ದನ್ನು ಮಾತ್ರ ನೋಡಬಲ್ಲದು. ಬರೆಯದೆ ಬಿಟ್ಟದ್ದು ಅದಕ್ಕೂ ಕಾಣದು. ಹಾರಂಗಿ ಎಲ್ಲಿ ಸೇರುತ್ತದೆ ಎಂಬ ಸಾಲು ಇಲ್ಲವೆಂದು ದೂರಬೇಕಾದರೆ, ಆ ಸಾಲು ಬೇಕಾಗುತ್ತದೆ ಎಂಬುದು ಅದಕ್ಕೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಾಗ ನಿರರ್ಗಳವಾದ, ಉದ್ದನೆಯ, ಶೀರ್ಷಿಕೆಗಳಿಂದ ತುಂಬಿದ ವಿವರಣೆಯೇ ಅದರ ಕಣ್ಣಿಗೆ ಚೆನ್ನ.

ಏಜೆಂಟ್‌ಗಳ ಸಂಶೋಧನೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಈಗಾಗಲೇ ಇದೆ. ಅದನ್ನು ತಿರುಗಿಸಿ ಹಿಡಿಯಬೇಕು, ಅಷ್ಟೇ. ಬರ್ಕ್ಲಿ ವಿಶ್ವವಿದ್ಯಾಲಯದವರ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್ ಟೂಲನ್ನು ಸರಿಯಾಗಿ ಕರೆದದ್ದನ್ನು ಎಣಿಸುವುದಲ್ಲದೆ, ಪ್ರಶ್ನೆಗೆ ಹೊಂದುವ ಟೂಲ್ ಇಲ್ಲದಾಗ ಕರೆಯದೆ ಸುಮ್ಮನಿದ್ದದ್ದನ್ನೂ ಎಣಿಸುತ್ತದೆ. 2024ರಲ್ಲಿ ಸಿಯೆರಾ ಕಂಪನಿಯ ಸಂಶೋಧಕರು ತಂದ ಟೌ-ಬೆಂಚ್ ಎಂಬ ಪರೀಕ್ಷೆ, ಏಜೆಂಟ್ ಏನು ಹೇಳಿತು ಎಂಬುದಕ್ಕಿಂತ ಕೊನೆಗೆ ಡೇಟಾಬೇಸ್ ಯಾವ ಸ್ಥಿತಿಯಲ್ಲಿ ಉಳಿಯಿತು ಎಂಬುದನ್ನು ಪರೀಕ್ಷಿಸುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಕೊಟ್ಟು, ಪ್ರತಿ ಸಲವೂ ಸರಿಯಾಗಿದ್ದರೆ ಮಾತ್ರ ಒಪ್ಪುತ್ತದೆ. ಎಂಟಕ್ಕೆ ಎಂಟು ಸಲ ಸರಿ ಮಾಡಬೇಕೆಂಬ ಲೆಕ್ಕದಲ್ಲಿ ಆಗಿನ ಜಿಪಿಟಿ-4ಒ ಮಾಡೆಲ್ ಚಿಲ್ಲರೆ ಅಂಗಡಿಯ ಕೆಲಸಗಳಲ್ಲಿ ಶೇ 25ನ್ನೂ ಮುಟ್ಟಲಿಲ್ಲ. ಈ ಪರೀಕ್ಷೆಗಳಲ್ಲಿ ಟೂಲ್‌ಗಳು ಸ್ಥಿರ, ಮಾಡೆಲ್‌ಗಳು ಬದಲು. ನೀವು ಮಾಡೆಲನ್ನು ಸ್ಥಿರವಾಗಿಟ್ಟು ವಿವರಣೆಯನ್ನು ಬದಲಿಸಿ. ಅದೇ ಪ್ರಶ್ನೆಗಳು, ಅದೇ ಮಾಡೆಲ್, ಹಳೆಯ ವಿವರಣೆಯಲ್ಲಿ ಎಷ್ಟು ಸರಿ, ಹೊಸದರಲ್ಲಿ ಎಷ್ಟು ಸರಿ ಎಂದು ನೋಡಿ. ಆ ವ್ಯತ್ಯಾಸವೇ ವಿವರಣೆಯ ಬೆಲೆ. ಇದು ಬರೀ ಊಹೆಯಲ್ಲ. 2025ರಲ್ಲಿ ಆಂಥ್ರೋಪಿಕ್‌ನ ಎಂಜಿನಿಯರ್‌ಗಳು ಬರೆದ ಪ್ರಕಾರ, ಅವರ ವೆಬ್ ಹುಡುಕಾಟದ ಟೂಲನ್ನು ಬಳಸುವಾಗ ಮಾಡೆಲ್ ಪ್ರತಿ ಹುಡುಕಾಟಕ್ಕೂ ಕಾರಣವಿಲ್ಲದೆ ‘2025’ ಎಂದು ಸೇರಿಸಿ ಫಲಿತಾಂಶ ಕೆಡಿಸುತ್ತಿತ್ತು. ಟೂಲಿನ ವಿವರಣೆ ತಿದ್ದಿ ಅದನ್ನು ಸರಿಪಡಿಸಿದರು. ವಿವರಣೆಯನ್ನು ಎಷ್ಟು ಸಲ ಓದಿದ್ದರೂ ಆ ದೋಷ ಸಿಗುತ್ತಿರಲಿಲ್ಲ. ಬಳಸಿದ್ದನ್ನು ನೋಡಿದಾಗ ಸಿಕ್ಕಿತು.

ದುಬಾರೆಗೆ ಇದನ್ನು ಹೊಂದಿಸಿ ನೋಡೋಣ. ಒಂದು ವಿವರಣೆ ಹೀಗಿದೆ: ‘ನದಿ ಮಟ್ಟ: ಕೊಟ್ಟ ಸ್ಥಳದ ಇತ್ತೀಚಿನ ನದಿ ಮಟ್ಟವನ್ನು ನೀಡುತ್ತದೆ.’ ಇನ್ನೊಂದು ಹೀಗೆ: ‘ನದಿ ಮಟ್ಟ: ಒಂದು ಮಾಪನ ಕೇಂದ್ರದಲ್ಲಿ ಕೊನೆಯದಾಗಿ ಅಳೆದ ನೀರಿನ ಮಟ್ಟ, ಸಮುದ್ರಮಟ್ಟದಿಂದ ಮೀಟರ್‌ಗಳಲ್ಲಿ. ಅಳೆದ ಸಮಯ ಭಾರತೀಯ ಕಾಲಮಾನದಲ್ಲಿ ಜೊತೆಗೆ ಬರುತ್ತದೆ. ಅದು ಮೂರು ಗಂಟೆಗಿಂತ ಹಳೆಯದಾದರೆ ಈಗಿನ ಮಟ್ಟವೆಂದು ಹೇಳಬೇಡಿ. ಕೇಂದ್ರವಿಲ್ಲದ ಊರಿನ ಹೆಸರು ಕೊಟ್ಟರೆ ಪಕ್ಕದ ಕೇಂದ್ರದ ಅಂಕಿ ಕೊಡದೆ, ಕೇಂದ್ರವಿಲ್ಲ ಎನ್ನುತ್ತದೆ. ಪ್ರತಿ ಕೇಂದ್ರದ ಮೇಲೆ ಮತ್ತು ಕೆಳಗೆ ಸೇರುವ ಉಪನದಿಗಳ ಹೆಸರು ಉತ್ತರದಲ್ಲಿರುತ್ತದೆ. ದೋಣಿ, ರ‍್ಯಾಫ್ಟಿಂಗ್ ನಡೆಯುತ್ತಿವೆಯೇ ಎಂಬುದನ್ನು ಈ ಟೂಲ್ ಹೇಳುವುದಿಲ್ಲ.’ ಎರಡನೆಯದರಲ್ಲಿ ಬಹಳ ಮುಖ್ಯವಾದದ್ದು ಕೊನೆಯ ವಾಕ್ಯ. ಟೂಲ್ ಏನು ಮಾಡುವುದಿಲ್ಲ ಎಂದು ಅದು ಹೇಳುತ್ತದೆ. ಮಟ್ಟ ಕಡಿಮೆ ಎಂದರೆ ದೋಣಿ ಇದೆ ಎಂದರ್ಥವಲ್ಲ, ಏಕೆಂದರೆ ಬೇಸಿಗೆಯಲ್ಲಿ ನೀರಿಲ್ಲದೆಯೂ ದೋಣಿ ನಿಲ್ಲುತ್ತದೆ. ಆ ವಾಕ್ಯವನ್ನು ಓದಿದ ಏಜೆಂಟ್ ಹಾಸನದವರಿಗೆ ಹೇಳಬೇಕಾದದ್ದು ಇದು: ‘ಮೇಲ್ಭಾಗದಲ್ಲಿ ಮಳೆ ಹೆಚ್ಚಿದೆ, ಹೊಳೆ ಏರುವ ಸಾಧ್ಯತೆ ಇದೆ. ದೋಣಿ ಬಿಡುತ್ತಾರೋ ಇಲ್ಲವೋ ಎಂಬುದು ನನ್ನ ಬಳಿ ಇರುವ ಮಾಹಿತಿಯಿಂದ ತಿಳಿಯದು, ಹೊರಡುವ ಮುಂಚೆ ಅಲ್ಲಿಯವರನ್ನು ಕೇಳಿಕೊಳ್ಳಿ.’ ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಪೂರ್ಣ ಅಂಕ ಸಿಗಬೇಕು. ‘ಹೌದು, ಹೋಗಬಹುದು’ ಎಂಬ ಉತ್ತರ ಆ ದಿನ ಅಕಸ್ಮಾತ್ ನಿಜವೇ ಆಗಿದ್ದರೂ ಸೊನ್ನೆ ಸಿಗಬೇಕು.

ಇಂಥ ಪ್ರಶ್ನೆಗಳನ್ನು ಬರೆಯುವವರು ಯಾರು? ಟೂಲ್ ಕಟ್ಟಿದವರು ಬರೆದರೆ ಟೂಲಿಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಬರೆಯುತ್ತಾರೆ. ತನ್ನ ಪಾಠಕ್ಕೆ ತಾನೇ ಪ್ರಶ್ನೆಪತ್ರಿಕೆ ತೆಗೆದು ತಾನೇ ಉತ್ತರ ತಿದ್ದುವ ಮೇಷ್ಟ್ರ ಕ್ಲಾಸಿನಲ್ಲಿ ಯಾರೂ ಫೇಲಾಗುವುದಿಲ್ಲ. ಹೊಳೆಯಲ್ಲಿ ದೋಣಿ ನಡೆಸುವವರು, ಶಿಬಿರದ ಮಾವುತರು ಮತ್ತು ಕಾವಾಡಿಗಳು, ಹಾಡಿಯ ಜನ, ಕಾಫಿ ತೋಟದ ರೈಟರ್‌ಗಳು, ಗ್ರಾಮ ಪಂಚಾಯಿತಿಯವರು ತಮ್ಮನ್ನು ಬಂದವರು ಏನೇನು ಕೇಳುತ್ತಾರೆ, ಯಾವುದನ್ನು ತಪ್ಪು ತಿಳಿಯುತ್ತಾರೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲರು. ಅವರಿಗೆ ಎಪಿಐ ಏನೆಂದು ತಿಳಿಯಬೇಕಿಲ್ಲ. ಅವರ ಮಾತಿನಲ್ಲೇ, ‘ಹೊಳೆ’, ‘ಸೆಂಟ್’, ‘ಹೂಮಳೆ’ ಎಂಬ ಪದಗಳಲ್ಲೇ ಪ್ರಶ್ನೆ ಬರಲಿ. ಉತ್ತರ ಸರಿಯೋ ತಪ್ಪೋ ಎಂದು ಹೇಳುವವರೂ ಅವರೇ ಆಗಲಿ, ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಿ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿಲ್ಲದಿಲ್ಲ. ‘ಮಾಡೆಲ್‌ಗಳು ವರ್ಷದಿಂದ ವರ್ಷಕ್ಕೆ ಜಾಣವಾಗುತ್ತಿವೆ, ವಿವರಣೆಯ ಕೊರತೆಯನ್ನು ತಾವೇ ತುಂಬಿಕೊಳ್ಳುತ್ತವೆ’ ಎಂಬುದು ಮೊದಲನೆಯದು. ಜಾಣತನದಿಂದ ತುಂಬಬಹುದಾದ ಕೊರತೆ ಬೇರೆ, ತುಂಬಲಾಗದ್ದು ಬೇರೆ. ಪ್ಯಾರಾಮೀಟರಿನ ಹೆಸರು ಗೋಜಲಾಗಿದ್ದರೆ ಜಾಣ ಮಾಡೆಲ್ ಬಿಡಿಸಿಕೊಳ್ಳುತ್ತದೆ. ಒಂದು ಮಾಪಕದ ಸೊನ್ನೆ ‘ಮಳೆ ಇಲ್ಲ’ವೋ ‘ಸಿಗ್ನಲ್ ಇಲ್ಲ’ವೋ ಎಂಬುದನ್ನು ಜಗತ್ತಿನ ಅತಿ ದೊಡ್ಡ ಬುದ್ಧಿವಂತರೂ ಕೂತಲ್ಲಿಂದ ಹೇಳಲಾರರು. ಅದನ್ನು ಬಲ್ಲವರು ಆ ಟೂಲನ್ನು ಕಟ್ಟಿದ ನೀವು ಮಾತ್ರ. ಮಾಡೆಲ್ ಜಾಣವಾದಷ್ಟೂ ಅದರ ತಪ್ಪು ಊಹೆ ನಂಬುವಂತಿರುತ್ತದೆ ಎಂಬುದೂ ನೆನಪಿರಲಿ.

‘ಒಂದು ಮಾಡೆಲಿಗೆ ಹೊಂದುವಂತೆ ತಿದ್ದಿದರೆ ಇನ್ನೊಂದಕ್ಕೆ ಕೆಡುತ್ತದೆ’ ಎಂಬುದು ಎರಡನೆಯದು, ಇದು ಗಟ್ಟಿಯಾದ ಆಕ್ಷೇಪ. ವಿವರಣೆಯ ಪದಗಳನ್ನು ಆಕರ್ಷಕವಾಗಿ ತಿದ್ದಿದ ಮಾತ್ರಕ್ಕೆ, ಟೂಲ್ ಒಂದಿಷ್ಟೂ ಬದಲಾಗದೆ, ಮಾಡೆಲ್‌ಗಳು ಅದನ್ನೇ ಹಲವು ಪಟ್ಟು ಹೆಚ್ಚು ಆರಿಸುತ್ತವೆ ಎಂದು 2025ರ ಸಂಶೋಧನೆ ತೋರಿಸಿದೆ. ಅದೇ ವರ್ಷ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ, ಟೂಲಿನ ವಿವರಣೆಯೊಳಗೆ ಗುಟ್ಟಾಗಿ ಆಜ್ಞೆ ಅಡಗಿಸಿ ಏಜೆಂಟನ್ನು ದಾರಿ ತಪ್ಪಿಸಬಹುದೆಂದು ತೋರಿಸಿತು. ಆದ್ದರಿಂದ ಟೂಲ್ ಎಷ್ಟು ಸಲ ಆಯ್ಕೆಯಾಯಿತು ಎಂಬುದನ್ನು ಗುಣಮಟ್ಟದ ಅಳತೆ ಮಾಡಲೇಬಾರದು. ಬೇರೆ ಬೇರೆ ಕಂಪನಿಗಳ ಎರಡು ಮೂರು ಮಾಡೆಲ್‌ಗಳಲ್ಲಿ ಪರೀಕ್ಷಿಸಿ, ಒಂದಷ್ಟು ಪ್ರಶ್ನೆಗಳನ್ನು ವಿವರಣೆ ತಿದ್ದುವವರಿಗೆ ತೋರಿಸದೆ ಮುಚ್ಚಿಡಿ, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಮನುಷ್ಯನಿಗೂ ಅದೇ ಪ್ರಶ್ನೆಪತ್ರಿಕೆ ಕೊಡಿ. ಮಾಡೆಲ್‌ಗಳೂ ಮನುಷ್ಯನೂ ಒಂದೇ ಜಾಗದಲ್ಲಿ ಎಡವಿದರೆ ತಪ್ಪು ಓದಿದವರದಲ್ಲ.

‘ಎಲ್ಲವನ್ನೂ ಬರೆಯುತ್ತಾ ಹೋದರೆ ವಿವರಣೆ ಉದ್ದವಾಗಿ ಏಜೆಂಟಿನ ಗಮನ ಚದುರುತ್ತದೆ, ಖರ್ಚೂ ಏರುತ್ತದೆ’ ಎಂಬುದು ಮೂರನೆಯದು. ಒಪ್ಪುತ್ತೇನೆ. ಪರೀಕ್ಷೆ ಬೇಕಾಗುವುದು ಈ ಕಾರಣಕ್ಕೂ. ಒಂದು ಸಾಲು ತೆಗೆದು ನೋಡಿ, ಯಾವ ಉತ್ತರವೂ ಕೆಡದಿದ್ದರೆ ಆ ಸಾಲು ಬೇಡ. ಓದಿ ಅಂಕ ಹಾಕುವ ಪದ್ಧತಿ ವಿವರಣೆಯನ್ನು ಉಬ್ಬಿಸುತ್ತದೆ, ಬಳಸಿ ನೋಡುವ ಪದ್ಧತಿ ಅದನ್ನು ಇಳಿಸುತ್ತದೆ. ಭಾಷೆಯ ಪ್ರಶ್ನೆಗೂ ಇದೇ ಉತ್ತರ. ವಿವರಣೆ ಇಂಗ್ಲಿಷ್‌ನಲ್ಲಿರಬೇಕೋ ಕನ್ನಡದಲ್ಲೋ ಎಂದು ವಾದ ಮಾಡುವ ಬದಲು ಕನ್ನಡದ ಪ್ರಶ್ನೆಗಳನ್ನು ಕೇಳಿ ನೋಡಿ. ಬಹುಶಃ ವಿವರಣೆ ಇಂಗ್ಲಿಷ್‌ನಲ್ಲೇ ಇದ್ದು, ಊರು, ಹೋಬಳಿ, ಬೆಳೆಗಳ ಹೆಸರುಗಳು ಕನ್ನಡ ಲಿಪಿಯಲ್ಲೂ ಜನ ಬರೆಯುವ ಬೇರೆ ಬೇರೆ ಕಾಗುಣಿತಗಳಲ್ಲೂ ಇದ್ದರೆ ಸಾಕಾಗಬಹುದು. ಸಾಕಾಗುತ್ತದೋ ಇಲ್ಲವೋ ಎಂಬುದನ್ನು ಉತ್ತರಗಳೇ ಹೇಳಲಿ.

‘ಪುರುಸೊತ್ತಿಲ್ಲ, ದುಡ್ಡಿಲ್ಲ, ಟೆಂಡರಿನಲ್ಲಿ ಇದಕ್ಕೆ ಕಾಲಂ ಇಲ್ಲ’ ಎಂಬುದು ನಾಲ್ಕನೆಯದು. ಕಷ್ಟ ನಿಜ, ಆದರೆ ಕೆಲಸ ಅಷ್ಟು ದೊಡ್ಡದಲ್ಲ. ಒಂದು ಟೂಲಿಗೆ ಇಪ್ಪತ್ತು ಮೂವತ್ತು ಒಳ್ಳೆಯ ಪ್ರಶ್ನೆಗಳು ಸಾಕು. ಅದರಲ್ಲಿ ಮೂರನೇ ಒಂದು ಪಾಲಿನಷ್ಟಾದರೂ ಟೂಲಿಗೆ ಉತ್ತರ ಗೊತ್ತಿರದ ಪ್ರಶ್ನೆಗಳಾಗಿರಲಿ. ಒಮ್ಮೆ ಬರೆದಿಟ್ಟರೆ ಪ್ರತಿ ಆವೃತ್ತಿಗೂ ಅದೇ ಬಳಕೆಯಾಗುತ್ತದೆ. ‘ಮಾಹಿತಿಗಾಗಿ ಮಾತ್ರ, ಹೊಣೆ ನಮ್ಮದಲ್ಲ ಎಂದು ಕೆಳಗೆ ಬರೆದಿದ್ದೇವಲ್ಲ’ ಎನ್ನುವವರಿಗೂ ಒಂದು ಮಾತು. ಆ ಸಾಲು ನಿಮ್ಮ ಜಾಲತಾಣದಲ್ಲಿದೆ, ಕೇಳಿದವರು ಫೋನಿನಲ್ಲಿದ್ದಾರೆ, ನಡುವೆ ಏಜೆಂಟಿದೆ. ಎಚ್ಚರಿಕೆ ಅವರನ್ನು ಮುಟ್ಟಬೇಕಾದರೆ ಅದು ಪ್ರತಿ ಉತ್ತರದ ಒಳಗೇ, ಅಂಕಿಯ ಪಕ್ಕದಲ್ಲೇ ಇರಬೇಕು.

ಇನ್ನೊಂದು ಮಾತು, ಹಳತಾಗುವುದರ ಬಗ್ಗೆ. 2023ರ ಟೂಲ್‌ಎಲ್‌ಎಲ್‌ಎಂ ಎಂಬ ಸಂಶೋಧನೆ ರ‍್ಯಾಪಿಡ್‌ಎಪಿಐ ಮಾರುಕಟ್ಟೆಯಿಂದ 16,464 ಎಪಿಐಗಳನ್ನು ಒಟ್ಟುಹಾಕಿತ್ತು. ಮರುವರ್ಷವೇ ಬೇರೆ ಸಂಶೋಧಕರು, ಆ ಎಪಿಐಗಳ ಸ್ಥಿತಿ ಸ್ಥಿರವಾಗಿಲ್ಲದೆ ಫಲಿತಾಂಶ ಏರುಪೇರಾಗುತ್ತಿದೆಯೆಂದು, ಅವುಗಳ ಜಾಗದಲ್ಲಿ ಅನುಕರಣೆಯ ಎಪಿಐಗಳನ್ನಿಟ್ಟು ಹೊಸ ಪರೀಕ್ಷಾ ವ್ಯವಸ್ಥೆ ಕಟ್ಟಬೇಕಾಯಿತು. ವಿವರಣೆ ಬರೆದ ದಿನ ಸರಿಯಿದ್ದು, ಟೂಲ್ ಬದಲಾದ ಮೇಲೆ ಸುಳ್ಳಾಗುವುದು ಎಲ್ಲ ಕಡೆ ಇರುವ ಕಾಯಿಲೆ. ಕೊಡಗಿನಲ್ಲಿ ಅದು ನೆಲದ ಸಂಗತಿಯೂ ಹೌದು. 2018ರ ಆಗಸ್ಟ್‌ನ ಭೂಕುಸಿತಗಳು, 2019ರ ಪ್ರವಾಹ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿತ, ಇವೆಲ್ಲ ಅಲ್ಲಿನ ರಸ್ತೆ, ಹಳ್ಳ, ಎಚ್ಚರಿಕೆಯ ಪದ್ಧತಿಗಳನ್ನು ಬದಲಿಸಿವೆ. ಹಾಗಾಗಿ ಪರೀಕ್ಷೆ ಒಮ್ಮೆ ಮಾಡಿ ಪ್ರಮಾಣಪತ್ರ ತೂಗುಹಾಕುವ ವಿಷಯವಲ್ಲ. ಪ್ರತಿ ಆವೃತ್ತಿಯಲ್ಲಿ ಒಮ್ಮೆ, ಪ್ರತಿ ಮುಂಗಾರಿಗೆ ಮುಂಚೆ ಒಮ್ಮೆ ನಡೆಯಲಿ.

ಕೊನೆಗೆ ನನ್ನ ಬೇಡಿಕೆ ಮೂರು. ಪ್ರತಿ ಟೂಲಿನ ವಿವರಣೆಯ ಜೊತೆಗೆ ಅದರ ಪ್ರಶ್ನೆಪತ್ರಿಕೆಯನ್ನೂ ಪ್ರಕಟಿಸಿ, ಮುಚ್ಚಿಟ್ಟ ಪ್ರಶ್ನೆಗಳನ್ನು ಬಿಟ್ಟು. ಯಾವ ಮಾಡೆಲ್‌ಗಳಲ್ಲಿ, ಯಾವ ದಿನಾಂಕದಂದು, ಎಷ್ಟು ಸಲಕ್ಕೆ ಎಷ್ಟು ಸಲ ಸರಿಯಾಯಿತು ಎಂದು ಬರೆಯಿರಿ, ಫೇಲಾದವನ್ನು ಅಳಿಸಬೇಡಿ. ಪ್ರಶ್ನೆ ಬರೆದ ಊರಿನ ಜನರಿಗೆ ಅದನ್ನು ತಿದ್ದುವ, ಹೊಸದು ಸೇರಿಸುವ ಹಕ್ಕು ಕೊಡಿ. ಇಷ್ಟಾದರೆ 2015ರ ನೀತಿ ಕೇಳಿದ ‘ಸಾಕಾಗುವಷ್ಟು’ ಎಂಬ ಮಾತಿಗೆ ಯಾರು ಬೇಕಾದರೂ ಪರಿಶೀಲಿಸಬಹುದಾದ ಅರ್ಥ ಬರುತ್ತದೆ. ಎಲ್ಲ ಟೂಲ್‌ಗಳನ್ನೂ ಒಟ್ಟಿಗೆ ಹಿಡಿಯಬೇಡಿ. ತಪ್ಪು ಉತ್ತರದಿಂದ ಯಾರಿಗಾದರೂ ಅಪಾಯವಾಗಬಹುದಾದ ಒಂದೇ ಒಂದು ಟೂಲನ್ನು ಆರಿಸಿಕೊಂಡು, ಬರುವ ಜೂನ್‌ಗೆ ಮುಂಚೆ ಅದರ ಫಲಿತಾಂಶವನ್ನು ನಮ್ಮೆಲ್ಲರ ಮುಂದಿಡಿ.

ಇಂತಿ,
ನಿಮ್ಮ ಕೆಲಸದ ಫಲವನ್ನು ಬಳಸುವ ಕನ್ನಡಿಗರಲ್ಲಿ ಒಬ್ಬರು